ಮುರ ಪಟ್ಟಣದ ನಿಕೊಲಾಸನು

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ನಮ್ಮ ತೊಕ್ಕೊಟ್ಟಿನ ಪೇಟೆಯಲ್ಲಿ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡುವುದನ್ನೂ, ಸಂಜೆಯಾಗುತ್ತಲೇ ಹಾಡುವ ಮಂಡಲಿಗಳು ಮನೆಯಿಂದ ಮನೆಗೆ ಹೊರಡುವುದನ್ನೂ ಎಲ್ಲರೂ ಬಲ್ಲರು. ಆ ಮಂಡಲಿಯ ಮುಂಭಾಗದಲ್ಲಿ ಕೆಂಪು ನಿಲುವಂಗಿಯನ್ನು ತೊಟ್ಟು, ಹತ್ತಿಯ ಗಡ್ಡವನ್ನು ಕಟ್ಟಿಕೊಂಡು, ಹೊಟ್ಟೆಗೆ ತಲೆದಿಂಬನ್ನು ಬಿಗಿದು, ಗಂಟೆಯನ್ನು ಆಡಿಸುತ್ತ ಕುಣಿಯುವ ಕ್ರಿಸ್ಮಸ್ ತಾತನೂ ಇರುವನು. ನೇತ್ರಾವತಿಯ ತೆಂಕಣ ದಡದಲ್ಲಿರುವ ಈ ನಮ್ಮ ಊರಿನಲ್ಲಿ ಚಳಿಗಾಲವೆಂಬುದು ಹೆಸರಿಗೆ ಮಾತ್ರ. ಬೆಳಗಿನ ಜಾವದಲ್ಲಿ ತುಸು ಇಬ್ಬನಿ ಬಿದ್ದರೆ ಅದೇ ನಮಗೆ ಹಿಮ. ಆದುದರಿಂದ ಪಾಪ, ಆ ತಾತನು ನಾಲ್ಕನೆಯ ಮನೆಯನ್ನು ಮುಟ್ಟುವಷ್ಟರಲ್ಲಿ ಬೆವರಿನಿಂದ ತೊಯ್ದುಹೋಗಿ, ಗಡ್ಡವನ್ನು ಗಲ್ಲದ ಕೆಳಕ್ಕೆ ಜಾರಿಸಿ, ಕುಡಿಯಲು ನೀರನ್ನು ಕೇಳುವನು.

ಈ ತಾತನು ಯಾರು, ಎಲ್ಲಿಯವನು, ಬೆತ್ಲೆಹೇಮಿನ ವೃತ್ತಾಂತದಲ್ಲಿ ಎಲ್ಲಿಯೂ ಕಾಣಿಸದ ಇವನು ಕರ್ತನ ಜನನದ ಹಬ್ಬದಲ್ಲಿ ಹೇಗೆ ಸೇರಿಕೊಂಡನು ಎಂದು ಕಳೆದ ಹಬ್ಬದ ಸಮಯದಲ್ಲಿ ನಮ್ಮಲ್ಲೊಬ್ಬಳ ಮಗಳು ಕೇಳಿದಳು. ಹಳೆಯ ವಿದ್ಯಾರ್ಥಿನಿಯರಾದ ನಾವು ನಾಲ್ಕಾರು ಮಂದಿ ಅಲ್ಲಿ ಕುಳಿತಿದ್ದೆವು. ಅವನು ಉತ್ತರ ಧ್ರುವದವನೆಂದು ಒಬ್ಬರು ಹೇಳಿದರು; ಅಮೆರಿಕದ ವ್ಯಾಪಾರಿಗಳು ಹುಟ್ಟಿಸಿದ ಗೊಂಬೆಯೆಂದು ಇನ್ನೊಬ್ಬರು ಹೇಳಿದರು; ಪೂರ್ವಕಾಲದ ಒಬ್ಬ ಸಂತನೆಂದು ಮತ್ತೊಬ್ಬರು ಹೇಳಿದರು. ಮೂರು ಉತ್ತರಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದರೆ ಮಗುವಿಗೆ ತೃಪ್ತಿಯಾಗಲಿಲ್ಲ, ನಮಗೂ ಆಗಲಿಲ್ಲ. ಆ ಕಾರಣದಿಂದ ಈ ಸ್ಮರಣ ಸಂಚಿಕೆಗಾಗಿ ಅವನ ಚರಿತ್ರೆಯನ್ನು ಕೂಡಿಸಿ ಬರೆಯಲು ಕೈ ಹಾಕಿದ್ದೇವೆ.

ಮೊದಲು ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ನಿಕೊಲಾಸನು ಬದುಕಿದ್ದಾಗ ಅವನನ್ನು ಕುರಿತು ಬರೆಯಲ್ಪಟ್ಟ ಒಂದು ಪುಟವೂ ಈಗ ಉಳಿದಿಲ್ಲ. ಅವನ ಸಮಗ್ರ ಜೀವನ ಚರಿತ್ರೆಯನ್ನು ಮೊದಲು ಬರೆದವನು 9ನೆಯ ಶತಮಾನದ ಮಿಕಾಯೇಲನೆಂಬ ಸನ್ಯಾಸಿ. ಅಷ್ಟರಲ್ಲಿ ನಿಕೊಲಾಸನು ತೀರಿಹೋಗಿ ಸುಮಾರು 500 ವರ್ಷಗಳಾಗಿದ್ದುವು. ಹೀಗಿರುವಲ್ಲಿ ಚರಿತ್ರೆ ಯಾವುದು, ಐತಿಹ್ಯ ಯಾವುದು ಎಂದು ಗೆರೆ ಎಳೆಯುವುದು ಪಂಡಿತರಿಗೂ ಕಷ್ಟ. ಆದರೂ ಅಂಥ ಮನುಷ್ಯನು ಇದ್ದನೆಂಬುದಕ್ಕೆ ಆಧಾರವಿಲ್ಲದೆ ಇಲ್ಲ. 6ನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿಯೇ ಕಾನ್‌ಸ್ಟಾಂಟಿನೋಪಲಿನಲ್ಲಿ ಅವನ ಹೆಸರಿನ ದೇವಾಲಯವಿದ್ದಿತು.

ಅವನು ಹುಟ್ಟಿದ್ದು 3ನೆಯ ಶತಮಾನದ ಉತ್ತರಾರ್ಧದಲ್ಲಿ, ಲುಕೀಯ ಸೀಮೆಯ ಪತರ ಎಂಬ ರೇವು ಪಟ್ಟಣದಲ್ಲಿ ಎನ್ನುವರು. ಸತ್ಯವೇದವನ್ನು ಓದುವವರಿಗೆ ಈ ಹೆಸರು ಹೊಸದಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನು ಯೆರೂಸಲೇಮಿಗೆ ಹೋಗುವಾಗ ಪತರದಲ್ಲಿ ಹಡಗನ್ನು ಹತ್ತಿದನು. ಮುಂದೆ ಸೆರೆಯವನಾಗಿ ಇತಾಲ್ಯಕ್ಕೆ ಒಯ್ಯಲ್ಪಡುವಾಗ ಅದೇ ಸೀಮೆಯ ಮುರ ಪಟ್ಟಣದಲ್ಲಿ ಅಲೆಕ್ಸಾಂದ್ರಿಯದ ಹಡಗಿಗೆ ಬದಲಾಯಿಸಲ್ಪಟ್ಟನು. ಐಗುಪ್ತದ ಗೋದಿಯನ್ನು ಹೇರಿಕೊಂಡು ಹೋಗುವ ನಾವೆಗಳು ತಂಗುತ್ತಿದ್ದ ಸ್ಥಳವದು. ನಮ್ಮ ಮಂಗಳೂರಿನ ಹಳೆಯ ಬಂದರದಲ್ಲಿ ಮಂಜಿಗಳು ಹೆಂಚನ್ನೂ ಅಕ್ಕಿಯನ್ನೂ ಹೇರಿಕೊಳ್ಳುತ್ತಿದ್ದ ದಿನಗಳನ್ನು ಹಿರಿಯರಿಂದ ಕೇಳಿದವರಿಗೆ ಮುರದ ಚಿತ್ರವು ಸುಲಭವಾಗಿ ಕಣ್ಣಿಗೆ ಕಟ್ಟುವುದು. ಆ ಪ್ರದೇಶವು ಈಗ ತುರ್ಕಿ ದೇಶದ ದಕ್ಷಿಣ ಕರಾವಳಿಯಲ್ಲಿದೆ. ಮುರವಿದ್ದ ಊರಿಗೆ ಈಗಿನ ಹೆಸರು ದೆಮ್ರೆ. ಅಲ್ಲಿ ಹಿಮಸಾರಂಗಗಳಿಲ್ಲ, ಕಿತ್ತಳೆ ತೋಟಗಳುಂಟು.

ತಾಯಿತಂದೆಗಳು ಧನಿಕರೂ ದೈವಭಕ್ತರೂ ಆಗಿದ್ದರೆಂದೂ, ಮಗನು ಇನ್ನೂ ತರುಣನಾಗಿರುವಾಗಲೇ ಇಬ್ಬರೂ ಸಾಂಕ್ರಾಮಿಕ ರೋಗದಿಂದ ತೀರಿಹೋದರೆಂದೂ ಐತಿಹ್ಯವು ಹೇಳುತ್ತದೆ. ಬಹು ದೊಡ್ಡ ಆಸ್ತಿಯು ಅವನ ಕೈಗೆ ಬಂದಿತು. ಅದನ್ನು ಏನು ಮಾಡಬೇಕೆಂದು ಅವನು ಯೋಚಿಸುತ್ತಿರುವಾಗ ನೆರೆಯಲ್ಲಿ ನಡೆದ ಒಂದು ಸಂಗತಿಯೇ ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿತು.

ಅವನ ನೆರೆಹೊರೆಯಲ್ಲಿ ಒಂದು ಕಾಲಕ್ಕೆ ಸ್ಥಿತಿವಂತನಾಗಿದ್ದ ಒಬ್ಬ ಗೃಹಸ್ಥನಿದ್ದನು. ಅವನಿಗೆ ಮೂವರು ಹೆಣ್ಣುಮಕ್ಕಳು. ಕಾಲವು ತಿರುಗಿ ಮನೆಯ ಸಿರಿಯೆಲ್ಲ ಕರಗಿಹೋಯಿತು, ಉಣ್ಣುವುದಕ್ಕೂ ಇಲ್ಲದಂತಾಯಿತು. ಹುಡುಗಿಯರು ಮದುವೆಯ ಪ್ರಾಯಕ್ಕೆ ಬಂದಿದ್ದರೂ ವರದಕ್ಷಿಣೆಯಿಲ್ಲದೆ ಅವರನ್ನು ಕೈಹಿಡಿಯಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಆ ತಂದೆಯು ಮಕ್ಕಳನ್ನು ಮಾನಗೆಟ್ಟ ಬಾಳಿಗೆ ಮಾರಿ ಹೊಟ್ಟೆ ಹೊರೆಯುವ ನಿಶ್ಚಯಕ್ಕೆ ಬಂದನು. ಈ ಸುದ್ದಿಯು ನಿಕೊಲಾಸನ ಕಿವಿಗೆ ಬಿದ್ದಿತು. ಬಹಿರಂಗವಾಗಿ ಹಣ ಕೊಟ್ಟರೆ ಒಂದು ಕಾಲದಲ್ಲಿ ಹತ್ತು ಜನಕ್ಕೆ ಕೊಟ್ಟು ಬಾಳಿದ ಮನುಷ್ಯನಿಗೆ ನಾಚಿಕೆಯಾಗುವುದೆಂದು ಎಣಿಸಿ, ಅವನು ನಡುರಾತ್ರಿಯಲ್ಲಿ ಒಂದು ಚೀಲದ ತುಂಬ ಚಿನ್ನವನ್ನು ಕಟ್ಟಿ ಆ ಮನೆಯ ಕಿಟಕಿಯೊಳಗೆ ಎಸೆದು ಹೊರಟುಹೋದನು. ಬೆಳಗಾದ ಮೇಲೆ ತಂದೆಯು ಅದನ್ನು ಕಂಡು ಬೆರಗಾಗಿ, ದೇವರನ್ನು ಸ್ತುತಿಸಿ, ಹಿರಿಯ ಮಗಳ ಮದುವೆಯನ್ನು ಮಾಡಿದನು. ಸ್ವಲ್ಪ ಕಾಲದಲ್ಲಿಯೇ ಎರಡನೆಯ ಚೀಲವು ಬಿದ್ದಿತು, ಎರಡನೆಯವಳ ಮದುವೆಯಾಯಿತು. ಮೂರನೆಯವಳ ಸರದಿ ಬಂದಾಗ ತಂದೆಯು ಈ ಉಪಕಾರಿಯು ಯಾರೆಂದು ತಿಳಿಯದೆ ಬಿಡಲಾರೆನೆಂದು ನಿದ್ದೆಗೆಟ್ಟು ಕಾದಿದ್ದನು. ಚೀಲವು ನೆಲಕ್ಕೆ ಬಿದ್ದ ಸದ್ದಾದೊಡನೆ ಹೊರಗೆ ಓಡಿ, ಕತ್ತಲೆಯಲ್ಲಿ ಹೋಗುತ್ತಿದ್ದವನನ್ನು ಹಿಡಿದು, ಗುರುತಿಸಿ, ಕಾಲಿಗೆ ಬಿದ್ದನು. ನಿಕೊಲಾಸನು ಅವನನ್ನು ಎತ್ತಿ, ತಾನು ಜೀವದಿಂದಿರುವ ತನಕ ಈ ಸಂಗತಿಯನ್ನು ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡನು.

ಕಾಲಾಂತರದಲ್ಲಿ ಈ ಕಥೆಗೆ ಕೊಂಬೆ ರೆಂಬೆಗಳು ಮೂಡಿದುವು. ಮೂರನೆಯ ರಾತ್ರಿ ಕಿಟಕಿಯು ಮುಚ್ಚಿದ್ದುದರಿಂದ ಅವನು ಹೊಗೆಗೂಡಿನೊಳಗಿಂದ ಚೀಲವನ್ನು ಇಳಿಬಿಟ್ಟನೆಂದೂ, ಅದು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿದ್ದಿತೆಂದೂ ಜನರು ಸೇರಿಸಿಕೊಂಡರು. ತಾತನು ಹೊಗೆಗೂಡಿನಿಂದ ಇಳಿಯುವನೆಂಬ ಮಾತಿಗೂ, ಮಕ್ಕಳು ಕಾಲುಚೀಲವನ್ನು ತೂಗಹಾಕುವ ಪದ್ಧತಿಗೂ ಈ ಕಥೆಯನ್ನೇ ಮೂಲವೆಂದು ಹೇಳುವರು. ಚಿತ್ರಕಾರರು ಆ ಮೂರು ಚೀಲಗಳನ್ನು ಮೂರು ಚಿನ್ನದ ಉಂಡೆಗಳಾಗಿ ಬರೆದರು. ಯುರೋಪಿನ ದೇವಾಲಯಗಳಲ್ಲಿ ಯಾವ ಸಂತನ ಕೈಯಲ್ಲಿ ಮೂರು ಉಂಡೆಗಳನ್ನು ಕಂಡರೂ ಅವನು ನಿಕೊಲಾಸನೆಂದು ತಿಳಿಯಬಹುದು.

ಈ ವೃತ್ತಾಂತವನ್ನು ನಾವು ಮೊದಲು ಕೇಳಿದ್ದು ಶಾಲೆಯಲ್ಲಿಯೇ, ಹಬ್ಬದ ರಜೆಗೆ ಮುಂಚಿನ ದಿನ. ಟೀಚರು ಬಹಳ ಸೊಗಸಾಗಿ ಹೇಳಿ ಮುಗಿಸಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿಯು ಎದ್ದು ನಿಂತು, ಆ ಮೂವರು ಅಕ್ಕತಂಗಿಯರ ಹೆಸರೇನೆಂದು ಕೇಳಿದಳು. ಹೆಸರುಗಳು ಎಲ್ಲಿಯೂ ಬರೆಯಲ್ಪಟ್ಟಿಲ್ಲವೆಂದು ಟೀಚರು ಹೇಳಿದರು. ಆಗ ಅವಳು, ಅವರಿಗೆ ಯಾವುದಾದರೂ ಕೆಲಸ ಕಲಿಸಿದ್ದರೆ ಚಿನ್ನದ ಚೀಲವು ಬೇಕಾಗುತ್ತಿತ್ತೇ ಎಂದು ಕೇಳಿದಳು. ತರಗತಿಯಲ್ಲಿ ಕೆಲವರು ನಕ್ಕರು. ಟೀಚರು ನಗಲಿಲ್ಲ, ಬಹಳ ಹೊತ್ತು ಸುಮ್ಮನಿದ್ದು, ಅದು ಕೇಳತಕ್ಕ ಪ್ರಶ್ನೆಯೇ ಎಂದು ಹೇಳಿದರು.

ಆ ಹುಡುಗಿಯು ಮುಂದಿನ ವರ್ಷ, 9ನೆಯ ತರಗತಿಯ ನಡುವೆ, ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಅವಳ ಅಕ್ಕನ ಮದುವೆಗೆ ಗಂಡಿನವರು ಕೇಳಿದ ಪವನುಗಳನ್ನು ಕೂಡಿಸಲು ಮನೆಯವರು ಸಾಲ ಮಾಡಿದ್ದರು. ಸಾಲವನ್ನು ತೀರಿಸಲು ಮನೆಯ ಹೆಂಗಸರೆಲ್ಲರೂ ಬೀಡಿ ಕಟ್ಟಬೇಕಾಯಿತು. ಇವಳೂ ಮಡಿಲಲ್ಲಿ ಗೆರಸೆಯನ್ನಿಟ್ಟುಕೊಂಡು ಕುಳಿತಳು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಆಗಿದೆಯೆಂಬುದನ್ನು ನಾವು ಪೌರನೀತಿಯ ಪಾಠದಲ್ಲಿ ಬಾಯಿಪಾಠ ಮಾಡಿದ್ದೆವು. ಆ ವರ್ಷದ ಕ್ರಿಸ್ಮಸ್ಸಿಗೆ ನಾವು ಮೂವರು ಗೆಳತಿಯರು ಕುಸ್ವಾರಿನ ತಟ್ಟೆಯನ್ನು ಹಿಡಿದುಕೊಂಡು ಅವಳ ಮನೆಗೆ ಹೋದೆವು. ಅವಳು ಬೀಡಿಯ ಎಲೆಗಳನ್ನು ಬದಿಗೆ ಸರಿಸಿ ನಮಗೆ ಚಾಪೆ ಹಾಸಿದಳು. ಶಾಲೆಯ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹಬ್ಬದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವಳ ತಾಯಿಯವರು ಅದರಲ್ಲಿ ಎರಡು ಹಿಡಿ ಸಕ್ಕರೆಯನ್ನು ಹಾಕಿ ಕೊಟ್ಟರು. ಆ ಸಕ್ಕರೆಯನ್ನು ತಿನ್ನುವುದಕ್ಕೆ ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಅವಳ ಒಂದು ವರ್ಷದ ಫೀಸು ನಮ್ಮ ಮೂರು ಮನೆಗಳು ಆ ಹಬ್ಬಕ್ಕೆ ಕೊಂಡ ಬಟ್ಟೆಯ ಬೆಲೆಗಿಂತ ಕಡಿಮೆಯೇ ಇದ್ದಿತೆಂಬುದು ನಮಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಇನ್ನು ಚರಿತ್ರೆಗೆ ಹಿಂದಿರುಗುವೆವು. ನಿಕೊಲಾಸನು ಮುರದ ಸಭೆಗೆ ಬಿಷಪನಾದ ರೀತಿಯನ್ನು ಕುರಿತು ಒಂದು ಕಥೆಯುಂಟು: ಹಿಂದಿನ ಬಿಷಪನು ತೀರಿಹೋದಾಗ ಕೂಡಿದ್ದ ಹಿರಿಯರು, ಮರುದಿನ ಬೆಳಿಗ್ಗೆ ದೇವಾಲಯಕ್ಕೆ ಮೊದಲು ಪ್ರಾರ್ಥನೆಗೆ ಬರುವವನನ್ನೇ ಆರಿಸುವುದೆಂದು ಗೊತ್ತುಮಾಡಿದರೆಂದೂ, ಇದೊಂದನ್ನೂ ಅರಿಯದ ನಿಕೊಲಾಸನು ಬಾಗಿಲಲ್ಲಿ ಕಾಲಿಟ್ಟನೆಂದೂ. ಆ ಕಾಲದಲ್ಲಿ ಬಿಷಪನಾಗುವುದು ಸುಖದ ಪದವಿಯಾಗಿರಲಿಲ್ಲ. 303ರಿಂದ ಡಯೊಕ್ಲೇಶಿಯನ್ ಚಕ್ರವರ್ತಿಯು ಕ್ರೈಸ್ತರನ್ನು ಹಿಂಸಿಸತೊಡಗಿದಾಗ ನಿಕೊಲಾಸನೂ ಸೆರೆಮನೆಗೆ ತಳ್ಳಲ್ಪಟ್ಟು, ಕಾನ್‌ಸ್ಟಂಟೈನನು ಪಟ್ಟಕ್ಕೆ ಬಂದ ಮೇಲೆ ಬಿಡುಗಡೆ ಹೊಂದಿದನೆನ್ನುವರು. 325ರಲ್ಲಿ ನಿಕೇಯದಲ್ಲಿ ಕೂಡಿದ ಮಹಾಸಭೆಯ ಸದಸ್ಯರ ಕೆಲವು ಪಟ್ಟಿಗಳಲ್ಲಿ ಅವನ ಹೆಸರುಂಟು, ಕೆಲವುಗಳಲ್ಲಿ ಇಲ್ಲ. ಅಲ್ಲಿ ಅವನು ಸಿಟ್ಟಿನ ಭರದಲ್ಲಿ ಅರಿಯಸನ ಕೆನ್ನೆಗೆ ಹೊಡೆದನೆಂಬ ಕಥೆಯನ್ನು ಮಕ್ಕಳು ಬಹಳ ಇಷ್ಟಪಡುವರು. ಆದರೆ ಅದು ಸಾವಿರ ವರ್ಷಗಳ ತರುವಾಯ ಹುಟ್ಟಿದ ಮಾತು, ನಾವು ನಂಬುವುದಿಲ್ಲ.

ಅವನನ್ನು ಕುರಿತ ಕಥೆಗಳಲ್ಲಿ ಅತಿ ಹಳೆಯದು ಚಿನ್ನದ ಚೀಲಗಳದ್ದಲ್ಲ, ನ್ಯಾಯದ್ದು. ಮುರದ ಅಧಿಕಾರಿಯು ಲಂಚವನ್ನು ತಿಂದು ಮೂವರು ನಿರಪರಾಧಿಗಳಿಗೆ ಮರಣದಂಡನೆಯನ್ನು ವಿಧಿಸಿದ್ದನು. ಬಿಷಪನು ಊರಲ್ಲಿರಲಿಲ್ಲ. ಸುದ್ದಿ ಮುಟ್ಟಿದೊಡನೆ ಧಾವಿಸಿ ಬಂದು, ಕೊರಳನ್ನು ಒಡ್ಡಿ ಮೊಣಕಾಲೂರಿದ್ದ ಆ ಮೂವರ ನಡುವೆ ನುಗ್ಗಿ, ಕೊಲೆಗಾರನ ಕೈಯಿಂದ ಕತ್ತಿಯನ್ನು ಕಿತ್ತುಕೊಂಡನು. ಆಮೇಲೆ ಅಧಿಕಾರಿಯನ್ನು ಎಲ್ಲರ ಮುಂದೆ ನಿಲ್ಲಿಸಿ ತಪ್ಪನ್ನು ಒಪ್ಪಿಸಿದನು. ಹೊಟ್ಟೆ ಕುಲುಕಿಸಿ ನಗುವ ಈಗಿನ ತಾತನ ಚಿತ್ರದಲ್ಲಿ ಈ ಮನುಷ್ಯನು ಎಲ್ಲಿಯೂ ಕಾಣಿಸುವುದಿಲ್ಲವೆಂಬುದೊಂದು ವ್ಯಸನ.

ಬರಗಾಲದ ಕಥೆಯೂ ಉಂಟು. ಲುಕೀಯದಲ್ಲಿ ಧಾನ್ಯವು ತೀರಿಹೋಗಿದ್ದಾಗ ಅಲೆಕ್ಸಾಂದ್ರಿಯದಿಂದ ರಾಜಧಾನಿಗೆ ಹೋಗುವ ಗೋದಿಯ ನಾವೆಗಳು ರೇವಿಗೆ ಬಂದುವು. ಒಂದೊಂದು ನಾವೆಯಿಂದ 100 ಅಳತೆ ಗೋದಿಯನ್ನು ಕೊಡಬೇಕೆಂದು ಅವನು ಬೇಡಿದನು. ಅಳೆದು ತುಂಬಿಸಿದ ಸರಕಾರಿ ಧಾನ್ಯವು ಕಡಿಮೆಯಾದರೆ ತಮ್ಮ ತಲೆ ಹೋಗುವುದೆಂದು ನಾವಿಕರು ಹೆದರಿದರು. ಆ ಹೊಣೆಯು ತನ್ನದೆಂದು ಅವನು ಹೇಳಿದನು. ಅವರು ಕೊಟ್ಟರು, ರಾಜಧಾನಿಯಲ್ಲಿ ಅಳೆದಾಗ ಒಂದು ಅಳತೆಯೂ ಕಡಿಮೆಯಾಗಿರಲಿಲ್ಲವಂತೆ. ಬಿರುಗಾಳಿಗೆ ಸಿಕ್ಕಿದ ನಾವಿಕರು ಅವನನ್ನು ಕೂಗಿ ಕರೆದು ಉಳಿದುಕೊಂಡ ಕಥೆಗಳಂತೂ ಲೆಕ್ಕವಿಲ್ಲ. ಹೀಗೆ ಅವನು ಮಕ್ಕಳಿಗೆ ಹೇಗೋ ಹಾಗೆಯೇ ಕಡಲ ಜನರಿಗೂ ಆಶ್ರಯದಾತನಾದನು. ಉಳ್ಳಾಲದ ಕಡಲಬದಿಯಲ್ಲಿ ಮಳೆಗಾಲದ ಅಲೆಗಳು ಮನೆಯ ಗೋಡೆಗೆ ಬಡಿಯುವುದನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅವನು ತೀರಿಹೋದದ್ದು ಡಿಸೆಂಬರ್ 6ರಂದು. ವರ್ಷವು 343 ಎಂದು ರೂಢಿಯಾಗಿ ಹೇಳುವರು. ಮುರದಲ್ಲಿಯೇ ಸಮಾಧಿಯಾಯಿತು. 1087ರಲ್ಲಿ ಇತಾಲ್ಯದ ಬಾರಿ ಪಟ್ಟಣದ ನಾವಿಕರು, ಆ ಸೀಮೆಯು ತುರ್ಕರ ಕೈಗೆ ಹೋಗುತ್ತಿದೆಯೆಂಬ ನೆವದಿಂದ, ಸಮಾಧಿಯನ್ನು ಒಡೆದು ಎಲುಬುಗಳನ್ನು ತಮ್ಮ ಊರಿಗೆ ಕೊಂಡೊಯ್ದರು. ಕಳವೇ ಸರಿ, ಆದರೆ ಬಾರಿಯವರು ಪ್ರತಿವರ್ಷವೂ ಮೇ ತಿಂಗಳಲ್ಲಿ ಅದರ ಹಬ್ಬವನ್ನು ಮಾಡುತ್ತಿರುವರು. 1950ರ ದಶಕದಲ್ಲಿ ಅಲ್ಲಿನ ಗೋರಿಯನ್ನು ದುರಸ್ತಿ ಮಾಡಲು ತೆರೆದಾಗ ವೈದ್ಯ ಪಂಡಿತರು ಆ ಎಲುಬುಗಳನ್ನು ಅಳೆದು ನೋಡಿ, ಅವು ವೃದ್ಧನಾದ ಒಬ್ಬ ಪುರುಷನವೆಂದು ಹೇಳಿದರು. ಆ ಅಳತೆಗಳಿಂದಲೇ ಇತ್ತೀಚೆಗೆ ಮುಖವನ್ನು ರೂಪಿಸಿದವರು ಅವನ ಮೂಗು ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತೆಂದು ತೋರಿಸಿದ್ದಾರೆ.

ಇಂಥವನು ಕರ್ತನ ಜನನದ ಹಬ್ಬಕ್ಕೆ ಬಂದುದು ಹೇಗೆ? ವಿಚಿತ್ರವೇನೆಂದರೆ, ನಿಕೊಲಾಸನು ತನ್ನ ಜೀವಮಾನದಲ್ಲಿ ಡಿಸೆಂಬರ್ 25ರಂದು ಕ್ರಿಸ್ಮಸ್ಸನ್ನು ಆಚರಿಸಿದ್ದು ಸಂದೇಹ. ಆ ತಾರೀಖಿನ ಹಬ್ಬವು ರೋಮಾಪುರದಲ್ಲಿ 336ರಲ್ಲಿ ನಡೆಯುತ್ತಿತ್ತೆಂಬುದಕ್ಕೆ ಬರಹದ ಆಧಾರವಿದೆ. ಪೂರ್ವದೇಶದ ಸಭೆಗಳಲ್ಲಿಯಾದರೋ ಜನವರಿ 6ನೆಯ ದಿನವೇ ದೊಡ್ಡದಾಗಿದ್ದು, ಕಾನ್‌ಸ್ಟಾಂಟಿನೋಪಲಿಗೆ ಡಿಸೆಂಬರದ ಹಬ್ಬವು ಬಂದದ್ದು ಸುಮಾರು 380ರ ಹೊತ್ತಿಗೆ. ಆ ದಿನವನ್ನೇ ಏಕೆ ಆರಿಸಿದರೆಂಬುದರಲ್ಲಿ ಎರಡು ಪಕ್ಷಗಳುಂಟು. ರೋಮಿನವರು ಹಗಲು ಬೆಳೆಯತೊಡಗುವ ಆ ಕಾಲದಲ್ಲಿ ಸೂರ್ಯನ ಉತ್ಸವವನ್ನು ಮಾಡುತ್ತಿದ್ದರೆಂದೂ, ಕ್ರೈಸ್ತರು ಅದನ್ನು ನೀತಿಸೂರ್ಯನ ಜನನಕ್ಕೆ ತಿರುಗಿಸಿಕೊಂಡರೆಂದೂ ಒಂದು. ಮಾರ್ಚ್ 25ನ್ನು ಗರ್ಭಧಾರಣೆಯ ದಿನವೆಂದು ಎಣಿಸಿ ಒಂಬತ್ತು ತಿಂಗಳುಗಳನ್ನು ಕೂಡಿಸಿದರೆಂದು ಇನ್ನೊಂದು. ಸುವಾರ್ತೆಗಳಲ್ಲಿ ದಿನವೂ ಇಲ್ಲ, ತಿಂಗಳೂ ಇಲ್ಲ.

ಮಧ್ಯಯುಗದ ಯುರೋಪಿನಲ್ಲಿ ಮಕ್ಕಳಿಗೆ ಉಡುಗೊರೆ ಸಿಕ್ಕುತ್ತಿದ್ದುದು ಕ್ರಿಸ್ಮಸ್ಸಿನಲ್ಲಲ್ಲ, ಡಿಸೆಂಬರ್ 6ರ ನಿಕೊಲಾಸನ ಹಬ್ಬದಲ್ಲಿ. 16ನೆಯ ಶತಮಾನದಲ್ಲಿ ಮತಸುಧಾರಣೆಯಾದಾಗ ಸಂತರ ಹಬ್ಬಗಳನ್ನು ಒಪ್ಪದ ಜರ್ಮನಿಯ ಸುಧಾರಕರು ಉಡುಗೊರೆಯನ್ನು ಕ್ರಿಸ್ಮಸ್ಸಿಗೆ ಸರಿಸಿ, ಕೊಡುವವನು ಶಿಶುಕ್ರಿಸ್ತನೆಂದು ಮಕ್ಕಳಿಗೆ ಕಲಿಸಿದರು. ಹಾಲೆಂಡಿನವರು ಮಾತ್ರ ತಮ್ಮ ಸಿಂಟರ್‌ಕ್ಲಾಸನನ್ನು ಬಿಡಲಿಲ್ಲ. ಅಲ್ಲಿನ ಮಕ್ಕಳು ಈಗಲೂ ಅವನಿಗಾಗಿ ಒಲೆಯ ಬಳಿ ಜೋಡುಗಳನ್ನು ಇಡುವರು. ಡಚ್ಚರು ನೆಲೆಸಿದ್ದ ನ್ಯೂಯಾರ್ಕಿನಲ್ಲಿ ಆ ಹೆಸರು ಸಾಂತಾ ಕ್ಲಾಸ್ ಎಂದಾಯಿತು. 1823ರಲ್ಲಿ ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಅಚ್ಚಾದ ಒಂದು ಪದ್ಯವು ಅವನಿಗೆ ಎಂಟು ಹಿಮಸಾರಂಗಗಳನ್ನು ಕೊಟ್ಟಿತು. 1863ರಿಂದ ಥಾಮಸ್ ನ್ಯಾಸ್ಟ್ ಎಂಬ ಚಿತ್ರಕಾರನು ವರ್ಷ ವರ್ಷವೂ ಪತ್ರಿಕೆಯಲ್ಲಿ ಅವನ ಚಿತ್ರಗಳನ್ನು ಬರೆದು, ಹೊಟ್ಟೆಯನ್ನು ಬೆಳೆಸಿ, ಉತ್ತರ ಧ್ರುವದಲ್ಲಿ ಮನೆ ಮಾಡಿಕೊಟ್ಟನು. ಕೆಂಪು ಅಂಗಿಯನ್ನು ಒಂದು ಪಾನೀಯದ ಕಂಪನಿಯವರು ತೊಡಿಸಿದರೆಂಬ ಮಾತು ನಮ್ಮಲ್ಲಿ ಬಹಳವಾಗಿ ಓಡಾಡುತ್ತದೆ, ಅದು ಸರಿಯಲ್ಲ. 1931ರಲ್ಲಿ ಆರಂಭವಾದ ಕೋಕಾಕೋಲಾದ ಜಾಹೀರಾತುಗಳು ಆ ವೇಷವನ್ನು ಲೋಕಕ್ಕೆಲ್ಲ ಹರಡಿದುವೆಂಬುದು ನಿಜ, ಆದರೆ ಕೆಂಪು ಬಣ್ಣವು ಅದಕ್ಕಿಂತ ಎಷ್ಟೋ ಮೊದಲೇ ಇದ್ದಿತು. ಬಿಷಪನ ಟೊಪ್ಪಿ ಹೋಗಿ ಉಣ್ಣೆಯ ಕುಲಾವಿಯಾಯಿತು, ದಂಡವು ಕೈಬಿಟ್ಟುಹೋಯಿತು, ಚೀಲವೊಂದು ಮಾತ್ರ ಉಳಿಯಿತು.

ನಮ್ಮ ಕರಾವಳಿಯಲ್ಲಿ ಈ ಎಲ್ಲ ಪದ್ಧತಿಗಳೂ ಬೇರೆ ಬೇರೆ ಬಾಗಿಲುಗಳಿಂದ ಬಂದು ಒಂದೇ ಜಗಲಿಯಲ್ಲಿ ಕುಳಿತಿವೆ. ಗೋದಲಿಯನ್ನು ಕಟ್ಟುವ ಪದ್ಧತಿಯು ಅಸ್ಸಿಸಿಯ ಫ್ರಾನ್ಸಿಸನು 1223ರಲ್ಲಿ ಗ್ರೆಚ್ಚೋ ಎಂಬಲ್ಲಿ ಮಾಡಿದ ಪ್ರದರ್ಶನದಿಂದ ಹಬ್ಬಿ, ಕೆಥೋಲಿಕರ ಮೂಲಕ ನಮಗೆ ಬಂದಿತು. ಹಬ್ಬಕ್ಕೆ ಮುಂಚಿತವಾಗಿ ತಟ್ಟೆಯಲ್ಲಿ ರಾಗಿಯನ್ನು ಬಿತ್ತಿ ಮೊಳೆಯಿಸಿ ಗೋದಲಿಗೆ ಹಸುರು ಗದ್ದೆಯನ್ನು ಮಾಡುವ ಜಾಣ್ಮೆಯು ನಮ್ಮ ಮಕ್ಕಳದು. 1834ರ ಅಕ್ಟೋಬರ್ 30ರಂದು ಮಂಗಳೂರನ್ನು ಸೇರಿದ ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರೂ ಅವರ ಹಿಂದೆ ಬಂದವರೂ ಕ್ರಿಸ್ಮಸ್ ಮರವನ್ನು ದೀಪಗಳಿಂದ ಸಿಂಗರಿಸುವ ಸೀಮೆಯಿಂದ ಬಂದವರು. ಅವರ ನಾಡಿನ ಮರವು ನಮ್ಮ ಮಣ್ಣಿನಲ್ಲಿ ಬೆಳೆಯದು. ಅದರ ಬದಲಿಗೆ ಗಾಳಿಮರದ ಕೊಂಬೆಯು ಆ ಗೌರವವನ್ನು ಪಡೆಯಿತು. ಹಲವು ಮೂಲೆಗಳುಳ್ಳ ಕಾಗದದ ನಕ್ಷತ್ರವನ್ನು ಮೊದಲು ಮಾಡಿದ್ದು 19ನೆಯ ಶತಮಾನದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರೇವಿಯನ್ ಸಭೆಯವರ ಶಾಲೆಯಲ್ಲಿ, ರೇಖಾಗಣಿತದ ಪಾಠವನ್ನು ಕಲಿಸುವುದಕ್ಕಾಗಿ. ಗಣಿತದ ಟೀಚರುಗಳು ಇದನ್ನು ಓದಿ ಸಂತೋಷಪಡುವರೆಂದು ನಂಬುತ್ತೇವೆ.

ಕುಸ್ವಾರಾದರೋ ನಮ್ಮದೇ ಅಡುಗೆಮನೆಯ ಐಶ್ವರ್ಯ. ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ, ಚಕ್ಕುಲಿ, ಇವುಗಳಲ್ಲಿ ತೆಂಗಿನಕಾಯಿಯೂ ಅಕ್ಕಿಹಿಟ್ಟೂ ಬೆಲ್ಲವೂ ನಮ್ಮ ನೆಲದವು. ಅಚ್ಚುಗಳೂ ಕೆಲವು ವಿಧಾನಗಳೂ ಗೋವೆಯ ಮಾರ್ಗವಾಗಿ ಬಂದವು. ಕಿಡಿಯೊವನ್ನು ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಮಾಡುವ ಕೆಲಸಕ್ಕೆ ಮನೆಯ ಮಕ್ಕಳೆಲ್ಲರೂ ಬೇಕು. ಈಗ ಅನೇಕರು ಅಂಗಡಿಯಿಂದ ಪೊಟ್ಟಣಗಳಲ್ಲಿ ತರಿಸುವರು. ದುಡಿಯುವ ತಾಯಂದಿರನ್ನು ನಾವು ದೂರುವುದಿಲ್ಲ. ಆದರೆ ಹಿಂದೂ ಮುಸಲ್ಮಾನ ನೆರೆಯವರ ಮನೆಗಳಿಗೆ ತಟ್ಟೆಯನ್ನು ಮುಚ್ಚಿ ಕಳುಹಿಸುವ ವಾಡಿಕೆಯು ತೊಕ್ಕೊಟ್ಟಿನಲ್ಲಿ ಇನ್ನೂ ತಪ್ಪಿಲ್ಲ. ಬಕ್ರೀದಿಗೂ ದೀಪಾವಳಿಗೂ ಅಲ್ಲಿಂದ ನಮ್ಮಲ್ಲಿಗೆ ತಟ್ಟೆಗಳು ಬರುವುವು.

ರೋಮನ್ ಸಭೆಯು 1969ರಲ್ಲಿ ತನ್ನ ಪಂಚಾಂಗವನ್ನು ತಿದ್ದಿದಾಗ ನಿಕೊಲಾಸನ ದಿನವನ್ನು ಕಡ್ಡಾಯವಲ್ಲದ ಸ್ಮರಣೆಗಳ ಸಾಲಿಗೆ ಸೇರಿಸಿತು. ನಮ್ಮ ಶಾಲೆಯಲ್ಲಿ ಮಾತ್ರ ಡಿಸೆಂಬರ್ 6ಕ್ಕೆ ಒಂದು ಕೆಲಸವುಂಟು. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯರು ಆಫೀಸಿನ ಬಾಗಿಲ ಪಕ್ಕದಲ್ಲಿ ಬೀಗ ಹಾಕಿದ ಒಂದು ಮರದ ಪೆಟ್ಟಿಗೆಯನ್ನು ಇರಿಸಿದರು. ಅದರಲ್ಲಿ ಹಾಕುವವರು ತಮ್ಮ ಹೆಸರನ್ನು ಬರೆಯಕೂಡದು. ಯಾವ ಹುಡುಗಿಯ ಫೀಸಿಗೆ ಹೋಯಿತೆಂಬುದನ್ನು ಮುಖ್ಯೋಪಾಧ್ಯಾಯಿನಿಯವರು ಯಾರಿಗೂ ಹೇಳಕೂಡದು. ಹಿಂದಿನ ಬೆಂಚಿನ ನಮ್ಮ ಆ ಗೆಳತಿಯ ಮಗಳು ಈಗ ಇದೇ ಶಾಲೆಯಲ್ಲಿ 9ನೆಯ ತರಗತಿಯಲ್ಲಿದ್ದಾಳೆ. ಅವಳ ಫೀಸನ್ನು ತಾಯಿಯೇ ಕಟ್ಟುತ್ತಾಳೆ. ಕಳೆದ ವರ್ಷ ಪೆಟ್ಟಿಗೆಯನ್ನು ತೆರೆದಾಗ ನೋಟುಗಳ ನಡುವೆ ಬೀಡಿಯ ನೂಲಿನಿಂದ ಬಿಗಿಯಾಗಿ ಕಟ್ಟಿದ ಒಂದು ಚಿಕ್ಕ ಕಟ್ಟು ಇದ್ದಿತು. ಅದು ಯಾರದೆಂದು ನಾವು ಕೇಳಲಿಲ್ಲ.